ಕೊಳಕ್ಕೆ ಬಂದ ಕಾಡು ಬಾತುಗಳಿಗೆ ಏನು ಹಾಕಬೇಕು ಅಂತ ಕೇಳಿದವರಿಗೆ

ಎಂಟು ಕಾಡು ಬಾತುಗಳು ಬಂದು ಸೇರಿಕೊಂಡಿವೆ, ದಿನಾ ಬೆಳಿಗ್ಗೆ ಬ್ರೆಡ್ ಹಾಕುತ್ತಿದ್ದೇನೆ, ಈಗ ನೀರು ಹಸಿರಾಗುತ್ತಿದೆ, ಬೇರೆ ಏನು ಹಾಕಲಿ ಅಂತ ಕೇಳಿದ್ದೀರಿ. ಮೊದಲು ಬ್ರೆಡ್ ನಿಲ್ಲಿಸಿ. ಕಾರಣ ಆಮೇಲೆ ಹೇಳುತ್ತೇನೆ. ಅವು ನಿಮ್ಮ ಬ್ರೆಡ್ ನೋಡಿ ಬಂದಿದ್ದಲ್ಲ ಅಲ್ವಾ? ಕೊಳದಲ್ಲಿ ಏನೋ ತಿನ್ನಲು ಸಿಕ್ಕಿದೆ, ಅದಕ್ಕೇ ಇಳಿದಿವೆ.

ಅದೇನು ಅಂತ ನೀವೇ ನೋಡಬಹುದು. ಒಂದು ಹಳೇ ಜರಡಿ, ಒಂದು ಬಿಳಿ ತಟ್ಟೆ ಸಾಕು. ಅಂಚಿನಲ್ಲಿ ಗಿಡ ಇರುವ ಕಡೆಯಿಂದ ಒಂದು ಬೊಗಸೆ ಕೆಸರು ಎತ್ತಿ ಜರಡಿಯಲ್ಲಿ ತೊಳೆಯಿರಿ. ಉಳಿದದ್ದನ್ನು ತಟ್ಟೆಗೆ ಸುರಿದು, ಸ್ವಲ್ಪ ನೀರು ಬಿಟ್ಟು ಎರಡು ನಿಮಿಷ ಸುಮ್ನೆ ಕೂತಿರಿ. ಮೊದಲು ಬರೀ ಕಸ ಕಾಣುತ್ತದೆ. ಆಮೇಲೆ ಕಸವೇ ಓಡಾಡಲು ಶುರು ಮಾಡುತ್ತದೆ. ದಾರದ ತುಂಡಿನಂಥ ಕೆಂಪು ಹುಳ ಸುರುಳಿ ಸುತ್ತಿ ಬಿಚ್ಚಿಕೊಳ್ಳುತ್ತದೆ. ಅದು ಸೊಳ್ಳೆಯಂತೆ ಕಾಣುವ, ಆದರೆ ಕಚ್ಚದ ಮಿಜ್ ನೊಣದ ಮರಿಹುಳ. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇರುವುದರಿಂದಲೇ ಆ ಕೆಂಪು. ಜೊತೆಗೆ ಸಾಸಿವೆ ಗಾತ್ರದ ಬಸವನಹುಳು, ಚಿಮ್ಮುವ ಸಣ್ಣ ಸಿಗಡಿಯಂಥವು, ಎಲ್ಲಕ್ಕಿಂತ ಜಾಸ್ತಿ ಹುಲ್ಲು, ಜೊಂಡಿನ ಕಪ್ಪು ಬೀಜ. ಅವುಗಳ ಊಟ ಅಂದರೆ ಇದೇ.

ಇನ್ನು ಯಾವ ಬಾತು ಅನ್ನುವುದೂ ಮುಖ್ಯ. ಬಾಲ ಮೇಲೆ, ತಲೆ ನೀರೊಳಗೆ ಮಾಡಿ ನಿಲ್ಲುತ್ತವಾ? ಹಾಗಾದರೆ ಮೇಲುನೀರಲ್ಲಿ ಮೇಯುವ ಜಾತಿ. ಮಲ್ಲಾರ್ಡ್, ಟೀಲ್, ಪಿನ್‌ಟೇಲ್ ಎಲ್ಲ ಇದೇ ಗುಂಪು. ಕತ್ತು ಎಷ್ಟು ಉದ್ದವೋ ಅಷ್ಟೇ ಆಳ ಅವಕ್ಕೆ ಎಟುಕುವುದು, ಹೆಚ್ಚೆಂದರೆ ಒಂದೂವರೆ ಅಡಿ. ಪೂರ್ತಿ ಮುಳುಗಿ ಎಲ್ಲೋ ಏಳುತ್ತಿದ್ದರೆ ಅದು ಪೋಚರ್ಡ್ ಥರದ ಮುಳುಗು ಬಾತು, ತಳದ ಬೇರು, ಚಿಪ್ಪುಹುಳಗಳನ್ನು ಹುಡುಕುತ್ತದೆ. ವಿಜನ್ ಬಾತು ದಡಕ್ಕೆ ಹತ್ತಿ ಹುಲ್ಲು ಮೇಯುತ್ತದೆ. ಶವೆಲರ್‌ನ ಕೊಕ್ಕಂತೂ ಅಗಲ ಸಲಿಕೆ, ಅಂಚಿಗೆ ಸಣ್ಣ ಬಾಚಣಿಗೆ ಹಲ್ಲು. ನೀರು ಒಳಗೆ ಎಳೆದುಕೊಂಡು ಪಕ್ಕದಿಂದ ಬಿಡುತ್ತದೆ, ಹುಳ, ಬೀಜ ಒಳಗೆ ಉಳಿಯುತ್ತವೆ. ಅದು ನಿಮ್ಮ ಬ್ರೆಡ್ ಕಡೆ ತಿರುಗಿಯೂ ನೋಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಊಟ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಬೇರೆ ದಿನಗಳಲ್ಲಿ ಬೀಜ, ಎಲೆ ಸಾಕು. ಮೊಟ್ಟೆ ಇಡುವ ಮುಂಚೆ ಹೆಣ್ಣು ಬಾತಿಗೆ ಪ್ರೋಟೀನ್, ಸುಣ್ಣದ ಅಂಶ ಬೇಕು, ಆಗ ಹುಳ, ಬಸವನಹುಳು ಜಾಸ್ತಿ ತಿನ್ನುತ್ತದೆ. ಮಲ್ಲಾರ್ಡ್‌ನಂಥ ಜಾತಿಗಳ ಮರಿಗಳಿಗೆ ಮೊದಲ ಎರಡು ಮೂರು ವಾರ ಹುಳವೇ ಜೀವ. ತಾಯಿ ತಿನ್ನಿಸುವುದಿಲ್ಲ, ಹುಟ್ಟಿದ ಮಾರನೇ ದಿನದಿಂದ ತಾವೇ ಹಿಡಿದು ತಿನ್ನಬೇಕು. ಆ ಹೊತ್ತಿಗೆ ಹೊಟ್ಟೆಗೆ ಬ್ರೆಡ್ ತುಂಬಿಸಿದರೆ ಹುಳಕ್ಕೆ ಜಾಗವೆಲ್ಲಿ?

ಬ್ರೆಡ್ ವಿಷವಲ್ಲ. ಸತ್ವ ಕಡಿಮೆ, ಹೊಟ್ಟೆ ಬೇಗ ತುಂಬಿಸುತ್ತದೆ, ತೊಂದರೆ ಅಲ್ಲೇ. ಬೆಳೆಯುವ ಮರಿಗೆ ಶಕ್ತಿ ಜಾಸ್ತಿ, ವಿಟಮಿನ್ ಕಮ್ಮಿ ಇರುವ ಊಟ ಸಿಕ್ಕರೆ ರೆಕ್ಕೆಯ ತುದಿ ಹೊರಗೆ ತಿರುಚಿಕೊಳ್ಳುವುದುಂಟು. ಏಂಜೆಲ್ ವಿಂಗ್ ಅಂತಾರೆ. ಗರಿ ಬೇಗ ಬೆಳೆದು ಭಾರವಾಗುತ್ತದೆ, ಮಣಿಕಟ್ಟು ತಡೆಯುವುದಿಲ್ಲ. ದೊಡ್ಡದಾದ ಮೇಲೆ ಸರಿಯಾಗದು, ಆ ಹಕ್ಕಿ ಹಾರುವುದೂ ಇಲ್ಲ. ನಿಮ್ಮ ನೀರು ಹಸಿರಾಗುವುದಕ್ಕೂ ಇದೇ ಮೂಲ. ತಿನ್ನದೆ ಉಳಿದ ಬ್ರೆಡ್, ಜಾಸ್ತಿ ಬಾತುಗಳ ಹಿಕ್ಕೆ, ಎರಡೂ ಪಾಚಿಗೆ ಗೊಬ್ಬರ.

ನಾನೂ ಹೀಗೇ ಮಾಡಿದವನು. ಆರು ಬಾತು ಇದ್ದವು, ಮೆಕ್ಕೆಜೋಳ ಹಾಕಿದ ಖುಷಿಗೆ ಒಂದೇ ತಿಂಗಳಲ್ಲಿ ಮೂವತ್ತು ದಾಟಿದವು. ಅಂಚಿನ ಗಿಡವೆಲ್ಲ ತುಳಿದು ಬೋಳಾಯಿತು. ರಾತ್ರಿ ಇಲಿಗಳ ಮೆರವಣಿಗೆ ಬೇರೆ! ಹಾಕುವುದು ನಿಲ್ಲಿಸಿದ ಮೇಲೆ ತಾನಾಗೇ ಚದುರಿದವು, ಒಂದೂ ಉಪವಾಸ ಬೀಳಲಿಲ್ಲ.

ಆದರೂ ಕೊಡಲೇಬೇಕು ಅನ್ನಿಸಿದರೆ ಅಪರೂಪಕ್ಕೆ ಕೊಡಿ. ನುಚ್ಚು ಮೆಕ್ಕೆಜೋಳ, ಓಟ್ಸ್, ಬಾರ್ಲಿ, ಗೋಧಿ, ಉಪ್ಪಿಲ್ಲದ ಹಸಿ ಬಟಾಣಿ, ಸಣ್ಣಗೆ ಹೆಚ್ಚಿದ ಸೊಪ್ಪು ಆಗುತ್ತದೆ. ಹಸಿ ಅಕ್ಕಿ ಹೊಟ್ಟೆಯಲ್ಲಿ ಉಬ್ಬಿ ಹಕ್ಕಿ ಸಾಯುತ್ತದೆ ಅನ್ನುವುದು ಸುಳ್ಳು. ಬಾತಿನ ಹೊಟ್ಟೆಯಲ್ಲಿ ಗಿಝರ್ಡ್ ಅನ್ನುವ ಗಟ್ಟಿ ಮಾಂಸದ ಚೀಲವಿದೆ, ನುಂಗಿದ ಸಣ್ಣ ಕಲ್ಲುಗಳ ಜೊತೆ ಕಾಳನ್ನು ಅದು ಬೀಸಿ ಹಾಕುತ್ತದೆ. ಕೊಯ್ಲಾದ ಗದ್ದೆಯಲ್ಲಿ ಉದುರಿದ ಭತ್ತ ತಿಂದೇ ಚಳಿಗಾಲ ಕಳೆಯುವ ಬಾತುಗಳಿವೆ. ಇದೇ ಕಾರಣಕ್ಕೆ ಮೀನು ಹಿಡಿಯುವವರು ಬಿಟ್ಟುಹೋದ ಸೀಸದ ಗುಂಡು ಕಂಡರೆ ಆರಿಸಿಬಿಡಿ. ಕಲ್ಲು ಅಂತ ನುಂಗುತ್ತವೆ, ಅದೂ ಒಳಗೆ ಸವೆದು ರಕ್ತಕ್ಕೆ ಸೇರುತ್ತದೆ. ಚಿಪ್ಸ್, ಉಪ್ಪು ಹಾಕಿದ ಕಡಲೆಬೀಜ, ಚಾಕೊಲೇಟ್, ಬೇಯಿಸದ ಒಣ ಬೀನ್ಸ್, ಬೆಣ್ಣೆಹಣ್ಣು ಬೇಡವೇ ಬೇಡ. ಬೂಷ್ಟು ಹಿಡಿದ ಕಾಳಂತೂ ಎಂಟು ದಿನದ ಬ್ರೆಡ್‌ಗಿಂತ ಕೆಟ್ಟದ್ದು. ಆ ಶಿಲೀಂಧ್ರ ಶ್ವಾಸಕೋಶಕ್ಕೆ ಹತ್ತುತ್ತದೆ.

ಎಷ್ಟು ಹಾಕಬೇಕು ಅಂದರೆ, ಹತ್ತು ನಿಮಿಷದಲ್ಲಿ ಮುಗಿಯುವಷ್ಟು. ಒಂದೇ ಕಡೆ ಗುಡ್ಡೆ ಹಾಕಬೇಡಿ, ಆಳವಿಲ್ಲದ ನೀರಿನ ಮೇಲೆ ಅಗಲಕ್ಕೆ ಎರಚಿ. ಕೈಯಿಂದ ತಿನ್ನಿಸುವ ಅಭ್ಯಾಸ ಮಾಡಿಸಬೇಡಿ, ಮನುಷ್ಯರ ಭಯ ಹೋದ ಹಕ್ಕಿಗೆ ನಾಯಿಯ ಭಯವೂ ಕಮ್ಮಿಯಾಗುತ್ತದೆ. ಹಕ್ಕಿಜ್ವರದ ಸುದ್ದಿ ಇದ್ದಾಗ ಪೂರ್ತಿ ನಿಲ್ಲಿಸಿ, ಸಾಕಿದ ಕೋಳಿಗಳನ್ನು ಕೊಳದ ಹತ್ತಿರ ಬಿಡಬೇಡಿ. ಕೆಲವು ಕಡೆ ಕಾಡು ಹಕ್ಕಿಗೆ ಆಹಾರ ಹಾಕುವುದೇ ನಿಷಿದ್ಧ, ನಿಮ್ಮಲ್ಲಿ ಹೇಗೆ ಅಂತ ಕೇಳಿಕೊಳ್ಳಿ.

ಸತ್ತ ಹಕ್ಕಿಯೋ ಮೀನೋ ತೇಲುತ್ತಿದ್ದರೆ ಗ್ಲೌಸ್ ಹಾಕಿ ತಕ್ಷಣ ತೆಗೆದುಬಿಡಿ. ಬೇಸಿಗೆಯ ಕೊಳೆತ ನೀರಲ್ಲಿ ಬಾಟುಲಿಸಂ ಅನ್ನುವ ಕಾಯಿಲೆ ಬರುತ್ತದೆ. ಸತ್ತ ಹಕ್ಕಿಯಲ್ಲಿ ವಿಷ ಹುಟ್ಟುತ್ತದೆ, ಅದರ ಮೈಮೇಲೆ ಮುತ್ತಿದ ಹುಳಗಳಿಗೆ ಆ ವಿಷ ಏನೂ ಮಾಡದು, ಆ ಹುಳ ತಿಂದ ಬಾತು ಕತ್ತು ಎತ್ತಲಾರದೆ ನೀರಲ್ಲೇ ಮುಳುಗುತ್ತದೆ.

ನನ್ನ ಕೇಳಿದರೆ ಬಾತಿಗೆ ಹಾಕುವ ಬದಲು ಕೊಳಕ್ಕೆ ಹಾಕಿ, ಅಂದರೆ ದುಡಿಮೆ ಅಲ್ಲಿ ಹಾಕಿ. ದಡ ನೆಟ್ಟಗೆ ಕಡಿದಂತಿದ್ದರೆ ಒಂದು ಬದಿಯನ್ನಾದರೂ ಇಳಿಜಾರು ಮಾಡಿ, ಅರ್ಧ ಅಡಿಯಿಂದ ಒಂದು ಅಡಿ ನೀರು ನಿಲ್ಲುವಂತೆ. ಅಂಚಿನ ಹುಲ್ಲು ಬೀಜ ಕಟ್ಟುವವರೆಗೆ ಕೊಯ್ಯಬೇಡಿ. ನೀರು ಇಳಿಸಲು ಅನುಕೂಲ ಇದ್ದರೆ ಒಣಗಾಲದಲ್ಲಿ ಒಂದಷ್ಟು ಇಳಿಸಿ, ಒದ್ದೆ ಮಣ್ಣಲ್ಲಿ ಹುಲ್ಲು ಎದ್ದು ಬೀಜ ಉದುರಿಸಲಿ, ಆಮೇಲೆ ನೀರು ತುಂಬಿಸಿ. ಕಾರ್ಪ್ ಮೀನು ಬಿಟ್ಟಿದ್ದೀರಾ? ಬಾತುಮರಿಗೆ ಬೇಕಾದ ಹುಳವನ್ನೇ ಅವು ತಿನ್ನುತ್ತವೆ, ಕೆಸರು ಕದಡಿ ಗಿಡದ ಬೇರನ್ನೂ ಕೀಳುತ್ತವೆ. ನಿಮ್ಮ ನೀರಿನ ಬಣ್ಣಕ್ಕೆ ಅವುಗಳ ಪಾಲೂ ಇರಬಹುದು.

ಮೀನು ಎಷ್ಟಿದೆ, ದಡ ಹೇಗಿದೆ ಅಂತ ಬರೆಯಿರಿ. ಬಾತು ಮೇಯುವಾಗ ಒಂದು ಫೋಟೋ ತೆಗೆದರೆ ಇನ್ನೂ ಒಳ್ಳೇದು, ಕೊಕ್ಕು ಚೆನ್ನಾಗಿ ಕಾಣಲಿ.