ಮಳೆಗಾಲದಲ್ಲಿ ಮುಳ್ಳಯ್ಯನಗಿರಿಯಿಂದ ದತ್ತಪೀಠದವರೆಗೆ ಒಂದೇ ದಿನದಲ್ಲಿ ನಡೆಯಬಹುದೇ?

ನಡೆಯಬಹುದು. ಜುಲೈ ಕೊನೆಯಲ್ಲಿ ಚಿಕ್ಕಮಗಳೂರಿನ ಬಳಿಯ ಸರ್ಪದಾರಿ ಎಂಬ ಕಾಲುದಾರಿಯಿಂದ ಹತ್ತಿ, ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ ದಾಟಿ, ಸಂಜೆಗೆ ಬಾಬಾಬುಡನ್‌ಗಿರಿಯ ದತ್ತಪೀಠ ಮುಟ್ಟುವ ಯೋಚನೆ ನಿಮ್ಮದು. ಮಳೆಗೆ ಹೆದರಬೇಕೇ ಎಂದು ಕೇಳಿದ್ದೀರಿ. ಮಳೆಗಿಂತ ಗಾಳಿಗೆ ಹೆದರಿ ಎನ್ನುತ್ತೇನೆ. ಈ ಗಿರಿಗಳ ಬುಡದಲ್ಲೇ ಬೆಳೆದವನು ನಾನು. ಮಳೆಗಾಲದ ನಡಿಗೆಯಷ್ಟು ನನಗೆ ಪ್ರಿಯವಾದದ್ದು ಬೇರೊಂದಿಲ್ಲ, ಆದ್ದರಿಂದ ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚುವ ಉದ್ದೇಶವಿಲ್ಲ.

ಸರ್ಪದಾರಿಯ ಮೂರು-ನಾಲ್ಕು ಕಿಲೋಮೀಟರ್ ಏರು ಕಡಿದಾಗಿದ್ದರೂ ಮೈ ಬಿಸಿಯಾಗಿರುತ್ತದೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರವಾದರೂ ಅಲ್ಲಿಗೆ ತಲುಪುವುದು ಆ ದಿನದ ಕಷ್ಟದ ಕೆಲಸವಲ್ಲ. ಕಷ್ಟ ಶುರುವಾಗುವುದು ಗುಡಿಯ ಮೆಟ್ಟಿಲು ಇಳಿದು ಬೆಟ್ಟಸಾಲಿನ ನೆತ್ತಿ ಹಿಡಿದ ಮೇಲೆ. ಅಲ್ಲಿ ಮರದ ಮರೆಯಿಲ್ಲ, ಬರೀ ಹುಲ್ಲು. ಅರಬ್ಬಿ ಸಮುದ್ರದಿಂದ ಬರುವ ಪಡುವಣ ಗಾಳಿ ಇಡೀ ದಿನ ಹೆಚ್ಚಾಗಿ ನಿಮ್ಮ ಎಡಗಡೆಗೇ ಬಡಿಯುತ್ತದೆ. ಎಡ ಕಿವಿ ಮರಗಟ್ಟಿರುತ್ತದೆ, ಬಲಗಿವಿಗೆ ಮಾತ್ರ ಜೊತೆಗಾರರ ಮಾತು ಅಲ್ಪಸ್ವಲ್ಪ ಕೇಳುತ್ತದೆ. ಹನಿಗಳು ಮೇಲಿನಿಂದ ಬೀಳುವುದಿಲ್ಲ, ಅಡ್ಡಡ್ಡ ಬರುತ್ತವೆ. ಕಣಿವೆಯ ಕಡೆಯಿಂದ ಮೇಲಕ್ಕೂ ಚಿಮ್ಮುತ್ತವೆ. ಛತ್ರಿ ಅಲ್ಲಿ ಪ್ರಯೋಜನಕ್ಕೆ ಬಾರದು.

ಇಂಥ ಗಾಳಿಯಲ್ಲಿ ನೆನೆದ ಮೈ ನಿಂತ ಕೂಡಲೇ ತಣ್ಣಗಾಗುತ್ತದೆ. ಒಮ್ಮೆ ನಮ್ಮ ಗುಂಪಿನ ಗಟ್ಟಿಮುಟ್ಟಾದ ಹುಡುಗನೊಬ್ಬ ಶಿಖರದಲ್ಲಿ ಫೋಟೊ ತೆಗೆಯುತ್ತಾ ಹತ್ತು ನಿಮಿಷ ನಿಂತಿದ್ದ. ಆಮೇಲೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಲು ಅವನ ಬೆರಳುಗಳು ಬಗ್ಗಲಿಲ್ಲ. ಹಲ್ಲಿನಿಂದ ಹರಿಯಲು ನೋಡಿದ, ತುಟಿಯೂ ಅದುರುತ್ತಿತ್ತು. ಅಂಗಿ ಬದಲಿಸಿ, ಫ್ಲಾಸ್ಕಿನಿಂದ ಬಿಸಿ ಕಷಾಯ ಕುಡಿಸಿ, ಮಾತಾಡಿಸುತ್ತಾ ನಡೆಸಿದ ಮೇಲೆ ಸರಿಹೋದ. ಯಾವಾಗಲೂ ಹರಟುವವನು ಸುಮ್ಮನಾದರೆ, ಮಾತು ತೊದಲಿದರೆ, ನೆಟ್ಟಗಿನ ದಾರಿಯಲ್ಲಿ ಎಡವಿದರೆ ಅದನ್ನು ಬರೀ ಆಯಾಸ ಎಂದುಕೊಳ್ಳಬೇಡಿ. ಅವನನ್ನು ಗಾಳಿಯಿಂದ ಮರೆಗೆ ಇಳಿಸುವುದು ಮೊದಲ ಕೆಲಸ.

ಆದ್ದರಿಂದ ಜೀನ್ಸ್, ಹತ್ತಿ ಬನಿಯನ್ ಬೇಡ. ನೆನೆದ ಹತ್ತಿ ಮೈಗೆ ಅಂಟಿಕೊಂಡು ಇದ್ದ ಬಿಸಿಯನ್ನೂ ಹೀರುತ್ತದೆ. ಮಲೆನಾಡಿನವರು ಸುರಿಯುವ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಯಲ್ಲಿ ನಿಲ್ಲುತ್ತಿದ್ದದ್ದು ಸುಮ್ಮನೆ ಅಲ್ಲ, ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ. ತೆಳು ಉಣ್ಣೆಯ ಅಥವಾ ಬೇಗ ಒಣಗುವ ಸಿಂಥೆಟಿಕ್ ಅಂಗಿ, ಅದರ ಮೇಲೆ ಟೋಪಿಯಿರುವ ಮಳೆಕೋಟು ಹಾಕಿಕೊಳ್ಳಿ. ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಡಿ. ಊಟಕ್ಕೆಂದು ಕೂರಬೇಡಿ. ಚಪಾತಿ ಸುರುಳಿ, ಚಿಕ್ಕಿ, ಕೋಡುಬಳೆ ಜೇಬಿನಲ್ಲಿದ್ದರೆ ನಡೆಯುತ್ತಲೇ ತಿನ್ನಬಹುದು.

ಇಂಬಳದ (ಜಿಗಣೆಯ) ಬಗ್ಗೆ ಎಲ್ಲರೂ ಅತಿಯಾಗಿ ಹೆದರುತ್ತಾರೆ. ಗಾಳಿ ಬೀಸುವ ನೆತ್ತಿಯಲ್ಲಿ ಅವು ಕಡಿಮೆ, ಹುಲ್ಲುಗುಡ್ಡಗಳ ನಡುವಿನ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡಿನ ಅಂಚಿನಲ್ಲಿ ಹೆಚ್ಚು. ಒಂದು ಬಟ್ಟೆಯಲ್ಲಿ ಉಪ್ಪು ಕಟ್ಟಿ ಕೋಲಿನ ತುದಿಗೆ ಬಿಗಿದುಕೊಳ್ಳಿ, ಮುಟ್ಟಿಸಿದರೆ ಉದುರುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ರಸ ಬಿಟ್ಟಿರುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಕುದುರೆಮುಖಕ್ಕೆ ಹೋಲಿಸಿದರೆ ಈ ದಾರಿಗೆ ಒಂದು ದೊಡ್ಡ ಅನುಕೂಲವಿದೆ. ಅಲ್ಲಿ ಹಳ್ಳಗಳನ್ನು ದಾಟಬೇಕು, ಸಂಜೆಯ ಹೊತ್ತಿಗೆ ನೀರೇರಿದರೆ ಮರಳುವ ದಾರಿಯೇ ಕಟ್ಟಿಹೋಗುತ್ತದೆ. ಇಲ್ಲಿ ಮುಳ್ಳಯ್ಯನಗಿರಿಯ ಮೆಟ್ಟಿಲ ಬುಡಕ್ಕೂ ಸೀತಾಳಯ್ಯನಗಿರಿಗೂ ರಸ್ತೆ ಬರುತ್ತದೆ, ಕವಿಕಲ್ ಗಂಡಿಯ ಆಸುಪಾಸಿನಲ್ಲಿ ಮತ್ತೆ ರಸ್ತೆ ಸಿಗುತ್ತದೆ. ಮುಂದೆ ಹೋಗುವುದೋ ಇಳಿಯುವುದೋ ಎಂಬುದನ್ನು ಈ ಜಾಗಗಳಲ್ಲೇ ತೀರ್ಮಾನಿಸಿ. ಶಿಖರದ ಮೇಲೆ ನಿಂತಾಗ ಎಲ್ಲರಿಗೂ ಹುಮ್ಮಸ್ಸು, ಅಲ್ಲಿ ಕೇಳಿದರೆ ಯಾರೂ ಸಾಕು ಎನ್ನುವುದಿಲ್ಲ. ರಸ್ತೆ ಕಂಡಾಗ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳಿ, ಒಬ್ಬರು ಬೇಡವೆಂದರೂ ಎಲ್ಲರೂ ಇಳಿಯಿರಿ. ಮಧ್ಯಾಹ್ನ ಒಂದಕ್ಕೆ ಕವಿಕಲ್ ಗಂಡಿ ದಾಟಿರದಿದ್ದರೆ ದತ್ತಪೀಠವನ್ನು ಬಿಟ್ಟುಬಿಡಿ. ಮಂಜು ಕವಿದ ಜುಲೈ ಸಂಜೆಯಲ್ಲಿ ಅಲ್ಲಿ ಬಹಳ ಬೇಗ ಕತ್ತಲಾಗುತ್ತದೆ.

ಇನ್ನೊಂದು ಮಾತು. ಮಳೆಯಲ್ಲಿ ಕಾಲುದಾರಿ ಕೆಸರಾಯಿತೆಂದು ಪಕ್ಕದ ಹುಲ್ಲು ತುಳಿಯಬೇಡಿ. ನೆನೆದ ಹುಲ್ಲು ಕಿತ್ತುಬಂದರೆ ಅದರಡಿಯ ಮಣ್ಣು ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಈ ಹುಲ್ಲೂ ಶೋಲಾ ಕಾಡೂ ಹೀರಿಟ್ಟುಕೊಂಡ ನೀರೇ ಪೂರ್ವದ ಇಳಿಜಾರಿನಲ್ಲಿ ವೇದಾ, ಅವತಿ ಎಂಬ ಹೊಳೆಗಳಾಗಿ, ಅವೆರಡೂ ಕೂಡಿ ವೇದಾವತಿಯಾಗಿ ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. 1933ರ ನಂತರ 2022ರಲ್ಲಿ ಆ ಜಲಾಶಯ ಕೋಡಿ ಬಿದ್ದಾಗ ಬಯಲುಸೀಮೆಯ ಜನ ಹಬ್ಬ ಮಾಡಿದರು. ನಿಮ್ಮ ಬೂಟಿನ ಕೆಳಗಿರುವುದು ಅವರ ಕುಡಿಯುವ ನೀರು. ಸಾಲಾಗಿ, ಕೆಸರಲ್ಲೇ ನಡೆಯಿರಿ.

ಹೊರಡುವ ಹಿಂದಿನ ದಿನ ಜಿಲ್ಲಾಡಳಿತ ಮತ್ತು ಅರಣ್ಯ ಇಲಾಖೆಯ ಪ್ರಕಟಣೆ ನೋಡಿ. ಭಾರಿ ಮಳೆಯಿದ್ದಾಗ ಗಿರಿಗೆ ಪ್ರವೇಶ ನಿಲ್ಲಿಸುವುದುಂಟು. ನಿಲ್ಲಿಸಿದ್ದರೆ ಕಳ್ಳದಾರಿ ಹಿಡಿಯಬೇಡಿ, ಸೆಪ್ಟೆಂಬರ್ ಕೊನೆಗೆ, ಉತ್ತರೆ ಮಳೆಯ ಹೊತ್ತಿಗೆ ಬನ್ನಿ. ಆಗ ಹಸಿರು ಹಾಗೇ ಇರುತ್ತದೆ, ಗಾಳಿ ಇಳಿದಿರುತ್ತದೆ. ಅಕ್ಟೋಬರಿಗೆ ಮುಂದೂಡಿದರೆ ಮಾತ್ರ ಮಧ್ಯಾಹ್ನದ ಗುಡುಗು-ಸಿಡಿಲಿಗೆ ಮೊದಲೇ ನೆತ್ತಿಯಿಂದ ಇಳಿದಿರಬೇಕು. ದತ್ತಪೀಠದಿಂದ ಚಿಕ್ಕಮಗಳೂರಿಗೆ ಮರಳುವ ಜೀಪನ್ನು ಬೆಳಿಗ್ಗೆಯೇ ಗೊತ್ತುಮಾಡಿ, ಚಾಲಕನಿಗೆ ಕವಿಕಲ್ ಗಂಡಿಯಲ್ಲೂ ಹತ್ತಿಸಿಕೊಳ್ಳಬೇಕಾಗಬಹುದು ಎಂದು ಹೇಳಿಡಿ.