ಅಲೈನ್‌ಮೆಂಟ್ ಮಾಡಿಸಿದರೂ ಹಳೇ ಮಾರುತಿ 800 ಎಡಕ್ಕೇ ಎಳೆಯುವುದು ಯಾಕೆ?

ಬದಿಯಡ್ಕ ಕಡೆ ಓಡಿಸುವ ಗಾಡಿ, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡುವುದು) ಆದ ಕೆಲವೇ ವಾರಕ್ಕೆ ಮತ್ತೆ ಎಡಕ್ಕೆ ಎಳೆಯುತ್ತದೆ, ಸ್ಟೇರಿಂಗ್ ಸಡಿಲ ಅನಿಸುತ್ತದೆ ಅಂತ ಕೇಳಿದ್ದೀರಿ. ಇನ್ನೊಮ್ಮೆ ಸುಮ್ನೆ ಅಲೈನ್‌ಮೆಂಟಿಗೆ ದುಡ್ಡು ಹಾಕಬೇಡಿ. ಚಕ್ರ, ಸ್ಟೇರಿಂಗ್ ಸೇರುವ ಕಡೆಯ ಜಾಯಿಂಟ್ ಸವೆದಿದ್ದರೆ ಅಲೈನ್‌ಮೆಂಟ್ ನಿಲ್ಲುವುದಿಲ್ಲ.

ಮೊದಲು ಮುಂದಿನ ಎರಡೂ ಟಯರಿನಲ್ಲಿ ಗಾಳಿ ಒಂದೇ ಸಮ ಇದೆಯಾ ನೋಡಿ. ಆಮೇಲೆ ಅವನ್ನು ಎಡಬಲ ಅದಲುಬದಲು ಮಾಡಿ. ಈಗ ಬಲಕ್ಕೆ ಎಳೆದರೆ ದೋಷ ಟಯರಿನದ್ದು.

ಆಗಲೂ ಎಡಕ್ಕೇ ಹೋದರೆ ಮುಂದಿನ ಚಕ್ರವನ್ನು ಜಾಕ್‌ನಿಂದ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಎಡಬಲ ಅಂಚು ಹಿಡಿದು ಅಲುಗಾಡಿಸಿ. ಟಕ್ ಟಕ್ ಅಂದರೆ ಹೆಚ್ಚಾಗಿ ಟೈ ರಾಡ್ ಎಂಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳಿನ ತುದಿಯ ಜಾಯಿಂಟ್) ಸವೆದಿದೆ. ಮೇಲೆ ಕೆಳಗೆ ಹಿಡಿದಾಗ ಅಲುಗಿದರೆ ಬಾಲ್ ಜಾಯಿಂಟ್ (ಚಕ್ರದ ಕೆಳಭಾಗವನ್ನು ಹಿಡಿಯುವ ಗುಂಡು ಜಾಯಿಂಟ್) ಅಥವಾ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಇರುವ ಭಾಗ). ಆಗ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಅಲುಗಾಟ ನಿಂತರೆ ಬೇರಿಂಗೇ.

ನಮ್ಮ ಕಾಸರಗೋಡಿನಲ್ಲಿ ತುಂಬ ಜನ ನೋಡದೇ ಬಿಡುವುದು ರಬ್ಬರ್ ಬೂಟ್, ಅಂದರೆ ಜಾಯಿಂಟನ್ನು ಮುಚ್ಚುವ ರಬ್ಬರ್ ಹೊದಿಕೆ. ಇಲ್ಲಿನ ಮಳೆ ಗೊತ್ತಲ್ವಾ? ಸ್ಟೇರಿಂಗ್ ರ‍್ಯಾಕ್‌ನ (ಸ್ಟೇರಿಂಗ್ ತಿರುಗಿಸಿದಾಗ ಎಡಬಲ ಸರಿಯುವ ಹಲ್ಲಿನ ಸರಳು) ತುದಿಯ ಬೂಟ್ ಸೀಳಿದ್ದರೆ ಕೆಂಪು ಕೆಸರು ಒಳಗೆ ಹೋಗಿ, ಗ್ರೀಸಿನ ಜೊತೆ ಕಲಸಿ, ಲೋಹವನ್ನೇ ಅರೆಯುತ್ತದೆ. ಬೂಟ್ ಬದಲಿಸದೆ ಬರೀ ಜಾಯಿಂಟ್ ಹಾಕಿದರೆ ತೊಂದರೆ ಮತ್ತೆ ಬರುವುದು ಖಂಡಿತ. ಲೋವರ್ ಆರ್ಮ್ ಬುಷ್ (ಚಕ್ರವನ್ನು ಗಾಡಿಯ ಅಡಿಗೆ ಜೋಡಿಸುವ ತೋಳಿನ ರಬ್ಬರ್) ಬಿರುಕು ಬಿಟ್ಟಿದೆಯಾ ಅಂತಲೂ ನೋಡಿಸಿ.

ಇದೆಲ್ಲ ಆದ ಮೇಲೇ ಅಲೈನ್‌ಮೆಂಟ್. ಬಾಲ್ ಜಾಯಿಂಟ್ ಜಾಸ್ತಿ ಅಲುಗುತ್ತಿದ್ದರೆ ದಯವಿಟ್ಟು ಗಾಡಿ ಓಡಿಸಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.