ಹನ್ನೊಂದು ದಿನದ ಜ್ವರ, ಪಾಸಿಟಿವ್ ಬಂದ ವಿಡಾಲ್, ಉಡಿದಾರದ ಕೆಳಗಿನ ಕಪ್ಪು ಕಲೆ

ಮೊದಲು ನಿಮ್ಮ ಪ್ರಶ್ನೆಯನ್ನೇ ಒಮ್ಮೆ ಹೇಳಿಬಿಡುತ್ತೇನೆ, ನಾನು ತಪ್ಪು ತಿಳಿದುಕೊಂಡಿದ್ದರೆ ತಿದ್ದಿ. ಅಪ್ಪನಿಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ. ಚಿಕ್ಕಬಳ್ಳಾಪುರದ ಕಡೆ ಹಳ್ಳಿ, ಸ್ವಲ್ಪ ತೋಟ, ಎರಡು ಹಸು. 11 ದಿನದಿಂದ ಜ್ವರ, ವಿಪರೀತ ತಲೆನೋವು. 4ನೇ ದಿನ ವಿಡಾಲ್ ಟೆಸ್ಟ್ ಪಾಸಿಟಿವ್ ಬಂತು, ಟೈಫಾಯ್ಡ್ ಅಂದರು. 5 ದಿನದಿಂದ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಆಗುತ್ತಿದೆ. ಜ್ವರ ಬಿಟ್ಟಿಲ್ಲ. 7ನೇ ದಿನ ಮಾಡಿಸಿದ ಡೆಂಗಿ ಎನ್‌ಎಸ್‌1 ನೆಗೆಟಿವ್, ಆದರೆ ಪ್ಲೇಟ್‌ಲೆಟ್ 90 ಸಾವಿರಕ್ಕೆ ಇಳಿದಿದೆ. ಇಂಜೆಕ್ಷನ್ ಬದಲಾಯಿಸಬೇಕಾ, ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಾ ಅಂತ ಕೇಳಿದ್ದೀರಿ.

ನಾನು ಜನರಲ್ ಮೆಡಿಸಿನ್ ಡಾಕ್ಟರು. ಮಳೆ ನಿಂತು ಚಳಿ ಶುರುವಾಗುವ ಈ ತಿಂಗಳುಗಳಲ್ಲಿ ನಮ್ಮ ವಾರ್ಡಿನಲ್ಲಿ ಅರ್ಧ ಮಂಚಗಳು ಇಂಥ ಜ್ವರದವರವೇ. ಇಲ್ಲಿ ಕೂತುಕೊಂಡು ಅಪ್ಪನಿಗೆ ಇಂಥದ್ದೇ ಕಾಯಿಲೆ ಅಂತ ನಾನು ಹೇಳಲಾರೆ. ಆದರೆ ನಿಮ್ಮಿಂದ ಆಗುವ ಒಂದು ಕೆಲಸ ಇದೆ. ಅದಕ್ಕೆ ದುಡ್ಡು ಬೇಡ, ಲ್ಯಾಬೂ ಬೇಡ. ಇವತ್ತು ರಾತ್ರಿಯೇ ಮಾಡಿ.

ಅಪ್ಪನನ್ನು ಒಳ್ಳೆಯ ಬೆಳಕಿನಲ್ಲಿ ಮಲಗಿಸಿ, ಮೊಬೈಲ್ ಟಾರ್ಚ್ ಹಿಡಿದು ಮೈಯೆಲ್ಲ ನೋಡಿ. ಕಂಕುಳು, ಹೊಕ್ಕುಳ ಸುತ್ತ, ಬೆನ್ನು, ಕಿವಿಯ ಹಿಂದೆ, ತೊಡೆಸಂದು, ಮೊಣಕಾಲಿನ ಹಿಂಭಾಗ, ಯಾವುದನ್ನೂ ಬಿಡಬೇಡಿ. ಉಡಿದಾರ ಕಟ್ಟಿದ್ದರೆ ಅದನ್ನು ಸರಿಸಿ ನೋಡಿ. ನಿಮ್ಮ ಮುಂದೆ ಅವರಿಗೆ ಸಂಕೋಚ ಆಗುವುದಾದರೆ ಅಮ್ಮ ನೋಡಲಿ. ಹುಡುಕಬೇಕಾದದ್ದು ಬೀಡಿ ತುದಿಯಿಂದ ಸುಟ್ಟ ಹಾಗಿರುವ ಒಂದು ಕಲೆ. ಉದ್ದಿನ ಕಾಳಿಗಿಂತ ಸ್ವಲ್ಪ ದೊಡ್ಡದು, ನಡುವೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವಿರುವುದಿಲ್ಲ, ತುರಿಕೆಯೂ ಇರುವುದಿಲ್ಲ. ಹಾಗಾಗಿಯೇ ಅದು ಇದೆ ಅಂತ ರೋಗಿಗೇ ಗೊತ್ತಿರುವುದಿಲ್ಲ. ತೊಡೆಸಂದಿನಂಥ ಬೆವರುವ ಜಾಗದಲ್ಲಿ ಹಕ್ಕಳೆ ಕಟ್ಟದೆ, ಚರ್ಮ ಕಿತ್ತುಹೋದ ಸಣ್ಣ ಹುಣ್ಣಿನ ಹಾಗೂ ಕಾಣಬಹುದು.

ಇದಕ್ಕೆ ನಾವು ಎಸ್ಕಾರ್ ಅನ್ನುತ್ತೇವೆ. ಹತ್ತು ದಿನ ಬಿಡದ ಜ್ವರದ ಜೊತೆ ಇದು ಕಂಡರೆ ಮೊದಲು ನೆನಪಾಗುವುದು ಸ್ಕ್ರಬ್ ಟೈಫಸ್. ಹೆಸರಲ್ಲಿ ಟೈಫಸ್ ಇದ್ದರೂ ಟೈಫಾಯ್ಡಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಟೈಫಾಯ್ಡ್ ಬರುವುದು ಕೊಳಕು ನೀರು, ಊಟದಿಂದ. ಇದು ಬರುವುದು ಹುಲ್ಲು, ಪೊದೆಯಲ್ಲಿರುವ ಒಂದು ಬಗೆಯ ನುಸಿಯ ಮರಿಯಿಂದ. ಹಿಂದೆ ತೆಂಗಿಗೆ ನುಸಿರೋಗ ಬಂದಿತ್ತಲ್ಲ, ಆ ನುಸಿಯ ದೂರದ ಸಂಬಂಧಿ. ಕಣ್ಣಿಗೆ ಕಾಣುವುದೇ ಕಷ್ಟ. ಹಸುವಿಗೆ ಹುಲ್ಲು ಕೊಯ್ಯುವಾಗ, ಬದುವಿನ ಮೇಲೆ ಕೂತಾಗ ಮೈಗೆ ಹತ್ತುತ್ತದೆ. ಬಟ್ಟೆ ಬಿಗಿಯಾಗಿರುವ ಕಡೆ ಹೋಗಿ ನಿಂತು ಕಚ್ಚುತ್ತದೆ. ಗಂಡಸರಲ್ಲಿ ಸೊಂಟ, ತೊಡೆಸಂದು. ಹೆಂಗಸರಲ್ಲಿ ಎದೆಯ ಕೆಳಗೆ, ಸೀರೆ ನೆರಿಗೆ ಸಿಕ್ಕಿಸುವ ಜಾಗ. ಕಚ್ಚಿ 10–12 ದಿನವಾದ ಮೇಲೆ ಜ್ವರ ಬರುವುದರಿಂದ ಯಾರಿಗೂ ಏನೂ ನೆನಪಿರುವುದಿಲ್ಲ.

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಪಿಜಿ ಓದುವಾಗ ನನ್ನ ಕೈಯಲ್ಲೇ ಒಬ್ಬರದು ತಪ್ಪಿಹೋಗಿತ್ತು. ಕುರಿ ಮೇಯಿಸುವವರು, ಐವತ್ತರ ಆಸುಪಾಸು. ಅವರದ್ದೂ ವಿಡಾಲ್ ಪಾಸಿಟಿವ್, ಅದೇ ಇಂಜೆಕ್ಷನ್. ಮೂರು ದಿನ ಬೆಳಗ್ಗೆ ಸಂಜೆ ಅವರ ಮಂಚದ ಹತ್ತಿರ ನಿಂತು ಎದೆಗೆ ಸ್ಟೆತಸ್ಕೋಪ್ ಇಟ್ಟೆ, ಹೊಟ್ಟೆ ಒತ್ತಿದೆ, ಕೇಸ್ ಶೀಟಿನಲ್ಲಿ ಚರ್ಮ ಸರಿಯಾಗಿದೆ ಅಂತ ಬರೆದೆ. ಪಂಚೆ ಮಾತ್ರ ಸರಿಸಲಿಲ್ಲ. ನಾಲ್ಕನೇ ದಿನ ಏದುಸಿರು ಶುರುವಾಗಿ ಐಸಿಯುಗೆ ಹಾಕಿದೆವು. ಅಲ್ಲಿ ಮೈ ಒರೆಸುತ್ತಿದ್ದ ನರ್ಸ್ ಕರೆದು, "ಸಾರ್, ಉಡಿದಾರದ ಕೆಳಗೆ ಇದೇನೋ ಕಪ್ಪಗಿದೆ ನೋಡಿ" ಅಂದರು. ದಾರದಲ್ಲಿ ಒಂದು ತಾಯಿತ ಇತ್ತು. ಕಲೆ ಸರಿಯಾಗಿ ಅದರ ಅಡಿಯಲ್ಲೇ ಇತ್ತು. ಆ ಹೊತ್ತಿಗೆ ಶ್ವಾಸಕೋಶಕ್ಕೆ ಏರಿತ್ತು. ಸ್ಕ್ರಬ್ ಟೈಫಸ್‌ಗೆ ಕೊಡುವ ಡಾಕ್ಸಿಸೈಕ್ಲಿನ್ ಶುರು ಮಾಡಿದ ಎರಡನೇ ದಿನಕ್ಕೆ ಜ್ವರ ಇಳಿಯಿತು, ಆದರೆ ಆಕ್ಸಿಜನ್ ತೆಗೆಯುವುದಕ್ಕೆ ಇನ್ನೂ ಒಂದು ವಾರ ಹಿಡಿಯಿತು. ಅವರು ನಡೆದುಕೊಂಡೇ ಮನೆಗೆ ಹೋದರು. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ.

ಈಗ ವಿಡಾಲ್ ವಿಷಯ. ಪ್ಯಾರಿಸ್ಸಿನ ಫರ್ನಾಂಡ್ ವಿಡಾಲ್ ಎಂಬ ವೈದ್ಯರು 1896ರಲ್ಲಿ ಇದನ್ನು ಬಳಕೆಗೆ ತಂದರು. ಈ ಟೆಸ್ಟ್ ಟೈಫಾಯ್ಡ್ ರೋಗಾಣುವನ್ನು ಹುಡುಕುವುದಿಲ್ಲ. ಅದರ ವಿರುದ್ಧ ಮೈಯಲ್ಲಿ ಹುಟ್ಟಿದ ಪ್ರತಿಕಾಯ ಇದೆಯಾ ಅಂತ ನೋಡುತ್ತದೆ. ನಮ್ಮ ಕಡೆ ಟೈಫಾಯ್ಡ್ ಸಾಮಾನ್ಯ. ಹಳೆಯ ಸೋಂಕಿನ, ಲಸಿಕೆಯ ಗುರುತು ಉಳಿದಿರಬಹುದು. ಬೇರೆ ಜ್ವರಗಳಲ್ಲೂ ಇದು ಪಾಸಿಟಿವ್ ತೋರಿಸುತ್ತದೆ. ಅದರ ಮೇಲೆ, ನಿಜವಾದ ಟೈಫಾಯ್ಡ್ ಇದ್ದಾಗಲೂ ಮೊದಲ ವಾರದಲ್ಲಿ ನೆಗೆಟಿವ್ ಬರುವುದುಂಟು. 4ನೇ ದಿನದ ಒಂದೇ ವಿಡಾಲ್ ನೋಡಿ ಟೈಫಾಯ್ಡ್ ಅಂತ ತೀರ್ಮಾನಿಸುವುದು, ನನ್ನ ಅಭಿಪ್ರಾಯದಲ್ಲಿ, ನಾಣ್ಯ ಚಿಮ್ಮಿದ ಹಾಗೆ. ಸರಿಯಾದ ಟೆಸ್ಟ್ ಅಂದರೆ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು, ಅದೂ ಆಂಟಿಬಯೋಟಿಕ್ ಕೊಡುವ ಮೊದಲು. ಅದರಲ್ಲೂ ಟೈಫಾಯ್ಡ್ ಇದ್ದವರೆಲ್ಲರಲ್ಲಿ ರೋಗಾಣು ಬೆಳೆಯುವುದಿಲ್ಲ, ನಿಜ. ಆದರೆ ಬೆಳೆದರೆ ಅನುಮಾನಕ್ಕೆ ಜಾಗವಿಲ್ಲ, ಯಾವ ಔಷಧಿ ನಾಟುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಹಾಗಂತ ನಿಮ್ಮ ಡಾಕ್ಟರ ಮೇಲೆ ರೇಗಬೇಡಿ. ಟೈಫಾಯ್ಡ್ ಇನ್ನೂ ಲೆಕ್ಕದಿಂದ ಹೊರಗೆ ಹೋಗಿಲ್ಲ. ಸರಿಯಾದ ಔಷಧಿ ಕೊಟ್ಟರೂ ಟೈಫಾಯ್ಡ್ ಜ್ವರ ಇಳಿಯುವುದಕ್ಕೆ 4–6 ದಿನ ಹಿಡಿಯುತ್ತದೆ. ಐದನೇ ದಿನ ಜ್ವರ ಇದೆ ಅನ್ನುವುದೊಂದರಿಂದಲೇ ಔಷಧಿ ಸೋತಿತು ಅನ್ನಲಾಗುವುದಿಲ್ಲ. ಜ್ವರದ ಏರಿಕೆ ದಿನದಿಂದ ದಿನಕ್ಕೆ ಕಡಿಮೆ ಆಗುತ್ತಿದೆಯಾ? 104 ಇದ್ದದ್ದು 101ಕ್ಕೆ ಬಂದಿದೆಯಾ? ಊಟ ಸೇರುತ್ತಿದೆಯಾ? ಇದಕ್ಕೆ ಹೌದು ಅನ್ನುವ ಉತ್ತರ ಇದ್ದರೆ ಸ್ವಲ್ಪ ಕಾಯಬಹುದು. ಇಂಜೆಕ್ಷನ್‌ಗೆ ಜ್ವರ ಒಂದಿಷ್ಟೂ ಜಗ್ಗಿಲ್ಲ, ಪ್ಲೇಟ್‌ಲೆಟ್ ಬೇರೆ ಇಳಿಯುತ್ತಿದೆ ಅಂದರೆ ರೋಗದ ಹೆಸರನ್ನೇ ಮತ್ತೆ ಯೋಚಿಸಬೇಕು. ಸೆಫ್ಟ್ರಿಯಾಕ್ಸೋನ್ ಒಳ್ಳೆಯ ಔಷಧಿಯೇ. ಆದರೆ ಸ್ಕ್ರಬ್ ಟೈಫಸ್ ರೋಗಾಣು ನಮ್ಮ ಜೀವಕೋಶದ ಒಳಗೆ ಕೂತಿರುತ್ತದೆ, ಅದರ ಮೇಲೆ ಈ ಇಂಜೆಕ್ಷನ್ ಕೆಲಸ ಮಾಡುವುದಿಲ್ಲ.

ಡೆಂಗಿ ಬಗ್ಗೆ ಎರಡು ಮಾತು. ಎನ್‌ಎಸ್‌1 ಸರಿಯಾಗಿ ಸಿಗುವುದು ಜ್ವರದ ಮೊದಲ 5 ದಿನದಲ್ಲಿ. 7ನೇ ದಿನದ ನೆಗೆಟಿವ್‌ಗೆ ಬೆಲೆ ಕಡಿಮೆ, ಆಗ ಐಜಿಎಂ ಅನ್ನುವ ಪ್ರತಿಕಾಯದ ಟೆಸ್ಟ್ ನೋಡಬೇಕು. ಆದರೆ ಡೆಂಗಿ ಜ್ವರ ಸಾಮಾನ್ಯವಾಗಿ ಒಂದು ವಾರಕ್ಕೆ ಬಿಡುತ್ತದೆ. ಹನ್ನೊಂದು ದಿನ ಎಡೆಬಿಡದೆ ಬಂದಿದ್ದರೆ ಡೆಂಗಿಯೊಂದನ್ನೇ ದೂರಲು ಆಗುವುದಿಲ್ಲ. ಪ್ಲೇಟ್‌ಲೆಟ್ ಇಳಿದರೆ ಡೆಂಗಿಯೇ ಅಂತ ಊರಿಗೆಲ್ಲ ನಂಬಿಕೆ. ಸ್ಕ್ರಬ್ ಟೈಫಸ್, ಮಲೇರಿಯಾ, ಇಲಿ ಜ್ವರ, ಟೈಫಾಯ್ಡ್, ಎಲ್ಲದರಲ್ಲೂ ಇಳಿಯುತ್ತದೆ. 90 ಸಾವಿರಕ್ಕೆ ಪ್ಲೇಟ್‌ಲೆಟ್ ಹಾಕಿಸುವ ಅಗತ್ಯ ಇಲ್ಲ, ರಕ್ತಸ್ರಾವ ಇದೆಯಾ ಅನ್ನುವುದು ಮುಖ್ಯ. ಮೈಕೈ ನೋವು ಅಂತ ಡೈಕ್ಲೋಫಿನ್ಯಾಕ್ ಇಂಜೆಕ್ಷನ್ ಹಾಕಿಸಬೇಡಿ. ಪ್ಯಾರಾಸಿಟಮಾಲ್ ಸಾಕು, ಒಂದು ಡೋಸಿಗೂ ಇನ್ನೊಂದಕ್ಕೂ ಆರು ಗಂಟೆ ಅಂತರ ಇರಲಿ.

ನಾಳೆ ಡಾಕ್ಟರ ಹತ್ತಿರ ಹೋದಾಗ ಏನು ಕೇಳಬಹುದು? ಸ್ಕ್ರಬ್ ಟೈಫಸ್ ಐಜಿಎಂ ಎಲೈಸಾ, ಡೆಂಗಿ ಮತ್ತು ಇಲಿ ಜ್ವರದ ಐಜಿಎಂ, ಮಲೇರಿಯಾ ಸ್ಮಿಯರ್, ಲಿವರ್ ಟೆಸ್ಟ್, ಕ್ರಿಯಾಟಿನಿನ್, ಮೂತ್ರ ಪರೀಕ್ಷೆ, ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್. ಆಂಟಿಬಯೋಟಿಕ್ ಶುರುವಾಗಿದ್ದರೂ ಒಂದು ಬ್ಲಡ್ ಕಲ್ಚರ್. ಸ್ಕ್ರಬ್ ಟೈಫಸ್‌ಗೆ ವೈಲ್-ಫೆಲಿಕ್ಸ್ ಅಂತ ಹಳೆಯ ಟೆಸ್ಟ್ ಒಂದಿದೆ, ಅಗ್ಗ, ಆದರೆ ತಪ್ಪಿಸಿಬಿಡುವುದೇ ಜಾಸ್ತಿ. ಎಸ್ಕಾರ್ ಕಂಡರೆ ನಾನಂತೂ ರಿಪೋರ್ಟಿಗೆ ಕಾಯುವುದಿಲ್ಲ, ಅವತ್ತೇ ಡಾಕ್ಸಿಸೈಕ್ಲಿನ್ ಬರೆಯುತ್ತೇನೆ. ಎಸ್ಕಾರ್ ಕಾಣದಿದ್ದರೂ ಸ್ಕ್ರಬ್ ಟೈಫಸ್ ಇಲ್ಲ ಅಂತ ಅರ್ಥವಲ್ಲ. ಎಷ್ಟೋ ಜನರಲ್ಲಿ ಕಲೆ ಇರುವುದೇ ಇಲ್ಲ.

ದೊಡ್ಡವರಿಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, 7 ದಿನ. ಗರ್ಭಿಣಿಯರಿಗೆ ಅಜಿತ್ರೋಮೈಸಿನ್. ಕಾಯಿಲೆ ಜೋರಾಗಿ ಅಂಗಾಂಗಕ್ಕೆ ಏರಿದವರ ಬಗ್ಗೆ 2023ರಲ್ಲಿ ನಮ್ಮ ದೇಶದ್ದೇ ಒಂದು ದೊಡ್ಡ ಅಧ್ಯಯನ ಬಂತು, ವೆಲ್ಲೂರಿನ ಸಿಎಂಸಿಯವರು ಮುಂದೆ ನಿಂತು ಮಾಡಿದ್ದು, ಸುಮಾರು 800 ರೋಗಿಗಳು. ಎರಡೂ ಔಷಧಿಗಳನ್ನು ಒಟ್ಟಿಗೆ ರಕ್ತನಾಳಕ್ಕೆ ಕೊಟ್ಟಾಗ ಒಂದನ್ನೇ ಕೊಟ್ಟದ್ದಕ್ಕಿಂತ ತೊಂದರೆಗಳು ಬೇಗ ತಗ್ಗಿದವು. ಇದನ್ನೆಲ್ಲ ಓದಿ ಮೆಡಿಕಲ್ ಶಾಪಿನಿಂದ ನೀವೇ ಮಾತ್ರೆ ತಂದು ನುಂಗಿಸಬೇಡಿ. ಡಾಕ್ಟರು ಬರೆದುಕೊಟ್ಟರೆ ತುಂಬಿದ ಲೋಟ ನೀರಿನ ಜೊತೆ ಕೊಡಿ, ನುಂಗಿದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ, ಇಲ್ಲವಾದರೆ ಅನ್ನನಾಳ ಸುಟ್ಟ ಹಾಗಾಗುತ್ತದೆ. ಹಾಲಿನ ಜೊತೆ ಬೇಡ, ಗ್ಯಾಸ್ಟ್ರಿಕ್ ಸಿರಪ್ ಜೊತೆಯೂ ಬೇಡ. ಸ್ಕ್ರಬ್ ಟೈಫಸ್ಸೇ ಆಗಿದ್ದರೆ ಸಾಮಾನ್ಯವಾಗಿ 48 ಗಂಟೆಯಲ್ಲಿ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ನಾನು ಮತ್ತೆ ಮೊದಲ ಪುಟಕ್ಕೆ ಬರುತ್ತೇನೆ.

ಮೊದಲ ಪುಟದಲ್ಲಿ ಅಪ್ಪನ ವಿಷಯಕ್ಕೆ ಮೂರು ಹೆಸರು ಬರೆದುಕೊಳ್ಳುತ್ತೇನೆ. ಒಂದು ಟಿಬಿ, ಸಕ್ಕರೆ ಕಾಯಿಲೆಯವರಲ್ಲಿ ಯಾವಾಗಲೂ. ಲೆವೊಫ್ಲಾಕ್ಸಾಸಿನ್ ತರಹದ ಮಾತ್ರೆ ಕೊಟ್ಟರೆ ಟಿಬಿ ಜ್ವರ ಸ್ವಲ್ಪ ದಿನ ಅಡಗಿ, ಎಲ್ಲರಿಗೂ ಮೋಸ ಮಾಡಿ, ಮತ್ತೆ ಬರುತ್ತದೆ. ಇನ್ನೊಂದು ಬ್ರುಸೆಲ್ಲಾ, ಮನೆಯಲ್ಲಿ ಹಸು ಇರುವುದರಿಂದ. ಹಸು ಕಂದು ಹಾಕಿತ್ತಾ (ಗರ್ಭಪಾತ), ಸತ್ತೆಯನ್ನು (ಮಾಸು) ಬರಿಗೈಯಲ್ಲಿ ಎಳೆದರಾ, ಹಸಿ ಹಾಲು ಕುಡಿಯುತ್ತಾರಾ ಅಂತ ಕೇಳಿ ನೋಡಿ. ಇದರಲ್ಲಿ ರಾತ್ರಿ ಬೆವರು, ಸೊಂಟನೋವು ಜಾಸ್ತಿ. ಇದಕ್ಕೆ ಎರಡು ಔಷಧಿ ಸೇರಿಸಿ ಆರು ವಾರ ಬೇಕು. ಏಳು ದಿನದ ಡಾಕ್ಸಿಸೈಕ್ಲಿನ್‌ಗೆ ಇಳಿದ ಹಾಗೆ ನಟಿಸಿ ವಾಪಸ್ ಬರುವ ಜ್ವರ ಇದು.

ಮೂರನೆಯದು ನಿಮ್ಮ ಕಡೆ ಅಪರೂಪ, ಕರಾವಳಿಯಲ್ಲಿ, ಉಡುಪಿ, ಮಂಗಳೂರು ಕಡೆ, ಮಳೆಗಾಲದಲ್ಲಿ ಕಾಣುತ್ತದೆ: ಮೆಲಿಯೋಯ್ಡೋಸಿಸ್. ಮಣ್ಣು, ಕೆಸರು ನೀರಿನಲ್ಲಿರುವ ರೋಗಾಣು. ಸಕ್ಕರೆ ಕಾಯಿಲೆ ಇರುವವರನ್ನೇ ಹುಡುಕಿಕೊಂಡು ಬಂದ ಹಾಗೆ ಹಿಡಿಯುತ್ತದೆ. ಶ್ವಾಸಕೋಶ, ಲಿವರ್, ಸ್ಪ್ಲೀನ್‌ನಲ್ಲಿ ಕೀವು ತುಂಬಿಸುತ್ತದೆ. ಎಕ್ಸ್‌ರೇ ನೋಡಿದರೆ ಟಿಬಿ ಅನಿಸುತ್ತದೆ. ಕಲ್ಚರ್‌ನಲ್ಲಿ ಬೆಳೆದರೂ ಅಭ್ಯಾಸವಿಲ್ಲದ ಲ್ಯಾಬಿನವರು ಇನ್ನೇನೋ ಸೂಡೋಮೊನಾಸ್ ಅಂತ ಬರೆದು ಕಳಿಸುವುದುಂಟು. ಹೊಟ್ಟೆಯ ಸ್ಕ್ಯಾನ್ ಕೇಳಿ ಅಂದದ್ದು ಇಂಥ ಕೀವು ಎಲ್ಲಾದರೂ ಅಡಗಿದೆಯಾ ಅಂತ ನೋಡುವುದಕ್ಕೂ ಹೌದು. ಮಲೆನಾಡಿನವರಾಗಿದ್ದರೆ ಮಂಗನ ಕಾಯಿಲೆಯನ್ನೂ ಕೇಳುತ್ತಿದ್ದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು, ಉಣ್ಣಿಯಿಂದ ಬರುವುದು. ನಿಮ್ಮ ಊರಿಗೆ ಅದು ಬೇಡ.

ಬೆಂಗಳೂರಿನ ಪ್ರಶ್ನೆಗೆ ಬರುತ್ತೇನೆ. ಅಪ್ಪ ಎದ್ದು ಓಡಾಡುತ್ತಿದ್ದರೆ, ಮೂತ್ರ ಸರಿಯಾಗಿ ಹೋಗುತ್ತಿದ್ದರೆ, ಮೇಲೆ ಹೇಳಿದ್ದೆಲ್ಲ ನಿಮ್ಮ ಜಿಲ್ಲಾ ಕೇಂದ್ರದಲ್ಲೇ ಆಗುವ ಕೆಲಸ. ಕೂತಲ್ಲೇ ಏದುಸಿರು, ಆಕ್ಸಿಜನ್ 94ಕ್ಕಿಂತ ಕೆಳಗೆ, ಮೂತ್ರ ಕಡಿಮೆ, ಮಾತು ತೊದಲುವುದು ಅಥವಾ ಯಾರು ಏನು ಅಂತ ಗೊತ್ತಾಗದಿರುವುದು, ಕಣ್ಣು ಹಳದಿ, ನಿಲ್ಲದ ವಾಂತಿ, ಎಲ್ಲಾದರೂ ರಕ್ತ, ಬಿಪಿಯ ಮೇಲಿನ ಅಂಕಿ 90ಕ್ಕಿಂತ ಕೆಳಗೆ, ಇವುಗಳಲ್ಲಿ ಒಂದು ಕಂಡರೂ ಮೈಯ ಕಲೆ ಹುಡುಕುತ್ತಾ ಕೂರಬೇಡಿ. ಐಸಿಯು ಇರುವ ಹತ್ತಿರದ ಆಸ್ಪತ್ರೆಗೆ ಈಗಲೇ ಹೊರಡಿ. ಸ್ಕ್ರಬ್ ಟೈಫಸ್ ಕೆಡುವುದು ಎರಡನೇ ವಾರದಲ್ಲೇ, ಅಪ್ಪ ಈಗ ಅದೇ ವಾರದಲ್ಲಿದ್ದಾರೆ. ಸಕ್ಕರೆ ದಿನಕ್ಕೆ ಎರಡು ಸಲವಾದರೂ ನೋಡಿ. ಊಟ ಬಿಟ್ಟು ಮಾತ್ರೆ ಮುಂದುವರಿಸಿದರೆ ಸಕ್ಕರೆ ದಿಢೀರ್ ಇಳಿಯಬಹುದು.

ಎಲ್ಲಿಗೆ ಹೋದರೂ ಒಂದು ಹಾಳೆ ಜೊತೆಗಿರಲಿ. ಜ್ವರದ 1ನೇ ದಿನ ಯಾವ ತಾರೀಖು, ಯಾವ ದಿನ ಯಾವ ಟೆಸ್ಟ್, ಯಾವ ದಿನದಿಂದ ಯಾವ ಇಂಜೆಕ್ಷನ್, ಪ್ರತಿದಿನದ ಅತಿ ಹೆಚ್ಚಿನ ಜ್ವರ ಎಷ್ಟು, ಇಷ್ಟೇ. ಹೊಸ ಡಾಕ್ಟರಿಗೆ ದಪ್ಪ ಫೈಲಿಗಿಂತ ಇದು ಉಪಯೋಗಕ್ಕೆ ಬರುತ್ತದೆ. ಕಲೆ ಸಿಕ್ಕರೆ ಫೋಟೋ ತೆಗೆದು ಇಲ್ಲಿ ಹಾಕಬೇಡಿ, ಅಪ್ಪನ ಮಾನದ ವಿಷಯ ಅಲ್ವಾ. ಡಾಕ್ಟರಿಗೆ ತೋರಿಸಿ, ಏನಾಯಿತು ಅಂತ ಎರಡು ಸಾಲು ಮಾತ್ರ ಬರೆಯಿರಿ.